ಆ ಕಡೆಯ ಲೆಕ್ಕ

ಪಿರಿಯಾಪಟ್ಟಣದ ಹಾಳುಕೋಟೆಯ ಕಂದಕದಲ್ಲಿ ನಾವು ಹುಡುಗರು ಆಡುತ್ತಿದ್ದ ಯುದ್ಧದಲ್ಲಿ ಸತ್ತವರು ಹತ್ತು ಎಣಿಸುವಷ್ಟರಲ್ಲಿ ಮೈಮೇಲಿನ ಮಣ್ಣು ಕೊಡವಿಕೊಂಡು ಎದ್ದು ಬಂದು ಮತ್ತೆ ಕಾದುತ್ತಿದ್ದರು. ಸಂಜೆ ದನ ಮನೆಗೆ ಬರುವ ಹೊತ್ತಿಗೆ ಯಾರಾದರೊಬ್ಬರ ತಾಯಿ ದಿಣ್ಣೆಯ ಮೇಲೆ ನಿಂತು ಕೂಗಿದಳೆಂದರೆ ಉಭಯ ಸೈನ್ಯಗಳೂ ಏಕಕಾಲಕ್ಕೆ ಚದುರಿಹೋಗುತ್ತಿದ್ದುವು. ಆದರೆ ಆಟ ಆರಂಭವಾಗುವುದಕ್ಕೆ ಮೊದಲು ಒಂದು ತಕರಾರು ತಪ್ಪದೆ ನಡೆಯುತ್ತಿತ್ತು. ಮೈಸೂರಿನ ಕಂಠೀರವ ನರಸರಾಜ ಒಡೆಯರ ಕಡೆಯವರಾಗಲು ಎಲ್ಲರೂ ಮುಂದಾಗುತ್ತಿದ್ದರು. ಕೋಟೆಯೊಳಗೆ ನಿಂತು ಹೋರಾಡುವ ಚಂಗಾಳ್ವ ವೀರರಾಜನಾಗಲು ಯಾರೊಬ್ಬರೂ ಒಪ್ಪುತ್ತಿರಲಿಲ್ಲ. ಕಟ್ಟಕಡೆಗೆ ಆ ಪಾಲು ಬರುತ್ತಿದ್ದುದು ಎಲ್ಲರಿಗಿಂತ ಕಿರಿಯನಾದವನಿಗೆ, ಇಲ್ಲವೆ ರಜಕ್ಕೆಂದು ಪರಸ್ಥಳದಿಂದ ನೆಂಟರ ಮನೆಗೆ ಬಂದ ಹುಡುಗನಿಗೆ. ನಮ್ಮೂರಿನ ಕೋಟೆಯನ್ನು ಕಾಯಲು ನಿಂತವನು ಅವನೇ ಎಂಬುದಾಗಲಿ, ಹೊರಗಿನಿಂದ ಏರಿಬಂದವರ ವೇಷವನ್ನು ನಾವು ಅಷ್ಟೊಂದು ಆಸೆಯಿಂದ ತೊಡುತ್ತಿದ್ದೆವೆಂಬುದಾಗಲಿ ಆಗ ನಮಗಾರಿಗೂ ಹೊಳೆದಿರಲಿಲ್ಲ.

ನಮ್ಮಜ್ಜಿಗೆ ಈ ಆಟ ಸೇರುತ್ತಿರಲಿಲ್ಲ. “ಹೆಂಡ್ರು ಮಕ್ಕಳನ್ನ ಕೈಯಾರ ಕಡಿದು ತಾನೂ ಹೋಗಿ ಸತ್ತವನ ಕತೆ ಅದು. ಆಡೋ ಆಟವೇನಪ್ಪ ಅದು?” ಎಂದು ಗದರುತ್ತಿದ್ದಳು. ಅಜ್ಜಿ ಕೇಳಿ ಕಲಿತ ಮಾತನ್ನೇ ರೈಸ್ ಸಾಹೇಬರೂ ತಮ್ಮ ಮೈಸೂರು ಗೆಜೆಟಿಯರಿನಲ್ಲಿ ಬರೆದಿದ್ದಾರೆಂಬುದು ಎಷ್ಟೋ ವರ್ಷಗಳ ಅನಂತರ ತಿಳಿಯಿತು. 1644ರ ಸುಮಾರಿಗೆ ಮೈಸೂರಿನ ಸೈನ್ಯ ಪಟ್ಟಣವನ್ನು ಮುತ್ತಿ ಹಿಡಿದಾಗ, ಇನ್ನು ಉಳಿವಿಲ್ಲವೆಂದು ಕಂಡ ವೀರರಾಜನು ಪತ್ನಿಯರನ್ನೂ ಮಕ್ಕಳನ್ನೂ ಮೊದಲು ಕೊಂದು, ಆಮೇಲೆ ಕೋಟೆಯ ರಕ್ಷಣೆಯಲ್ಲಿ ತಾನೂ ಮಡಿದನಂತೆ. ಹನ್ನೊಂದನೆಯ ಶತಮಾನದಿಂದ ಶಾಸನಗಳಲ್ಲಿ ಕಾಣಿಸಿಕೊಳ್ಳುವ, ಕೊಡಗಿನ ಪೂರ್ವಭಾಗವನ್ನೂ ಹುಣಸೂರಿನ ಸೀಮೆಯನ್ನೂ ಕೂಡಿಸಿ ಆಳಿದ, ಮೊದಲು ಜೈನರಾಗಿದ್ದು ಬಳಿಕ ಶೈವರಾಗಿ ಬೆಟ್ಟದಪುರದ ಮಲ್ಲಿಕಾರ್ಜುನನಿಗೆ ನಡೆದುಕೊಂಡ ಒಂದು ವಂಶ ಹೀಗೆ ಒಂದು ದಿನದಲ್ಲಿ ಮುಗಿಯಿತು. ಆ ವಂಶದ ಪಿರಿಯರಾಜನೆಂಬುವನು ಸಿಂಗಪಟ್ಟಣವೆಂಬ ಹಳೆಯ ಊರನ್ನು ಹೊಸದಾಗಿ ಕಟ್ಟಿ ತನ್ನ ಹೆಸರಿಟ್ಟುದರಿಂದಲೇ ನಮ್ಮೂರು ಪಿರಿಯಾಪಟ್ಟಣವಾದುದು.

ಇಲ್ಲಿ ಒಂದು ಮಾತನ್ನು ಪ್ರಸಂಗವಶಾತ್ ಹೇಳದೆ ಮುಂದೆ ಹೋಗಲಾರೆ. ಚಂಗಾಳ್ವರ ನೆರಳಿನಲ್ಲಿ ಕಾವ್ಯವೂ ಬೆಳೆದಿತ್ತು. ಹುಣಸೂರಿನ ಮಗ್ಗುಲಲ್ಲಿರುವ ಕಲ್ಲಹಳ್ಳಿಯ ಮಂಗರಸನು ಹದಿನಾರನೆಯ ಶತಮಾನದ ಆದಿಯಲ್ಲಿ ಜೈನಕಾವ್ಯಗಳನ್ನು ರಚಿಸಿದನು. ಚಂಗಾಳ್ವ ಕುಲದವನೇ ಆದ ನಂಜುಂಡನು ಕುಮಾರರಾಮನ ಕಥೆಯನ್ನು ಸಾಂಗತ್ಯದಲ್ಲಿ ಹಾಡಿದನು. ತನಗಿಂತ ಇನ್ನೂರು ವರ್ಷ ಹಿಂದೆ ದೆಹಲಿಯ ಸೈನ್ಯಕ್ಕೆ ಎದುರು ನಿಂತು ಅಳಿದುಹೋದ ಕಂಪಿಲಿಯ ಒಂದು ಮನೆತನದ ಯುದ್ಧವನ್ನು ಈ ರಾಜಕುಮಾರನು ಅಷ್ಟು ಆಸ್ಥೆಯಿಂದ ಅಭ್ಯಾಸಮಾಡಿದ್ದಕ್ಕೆ ಕಾರಣವೇನಿದ್ದೀತೆಂದು ನಾನು ಅನೇಕ ಸಲ ಆಲೋಚಿಸಿದ್ದೇನೆ. ವೀರನೊಬ್ಬನ ಚರಿತೆಯೆಂದು ಅವನು ಅದನ್ನು ಹಾಡಿರಬಹುದು. ಒಂದು ಶತಮಾನದ ಮೇಲೆ ಅದೇ ಅಂತ್ಯ ತನ್ನ ಕುಲದ ಬಾಗಿಲಿಗೇ ಬರಲಿದೆಯೆಂಬುದನ್ನು ಅವನು ಕಂಡಿರಲು ಸಾಧ್ಯವಿರಲಿಲ್ಲ. ಎರಡನ್ನೂ ಒಟ್ಟಿಗೆ ಓದುವ ನಮಗೆ ಮಾತ್ರ ಅದು ಕಾಣುತ್ತದೆ. ಇನ್ನು ನಮ್ಮೂರಿನ ಮುತ್ತಿಗೆಯ ಕಥೆಯನ್ನು ಹಾಡುವ ಭಾಗ್ಯ ಗೆದ್ದವರ ಕವಿಯದಾಯಿತು: 1648ರಲ್ಲಿ, ಎಂದರೆ ಕೋಟೆ ಬಿದ್ದು ನಾಲ್ಕಾರು ವರ್ಷ ಕಳೆಯುವಷ್ಟರಲ್ಲಿ, ಗೋವಿಂದವೈದ್ಯನ ‘ಕಂಠೀರವ ನರಸರಾಜ ವಿಜಯ’ ಸಿದ್ಧವಾಗಿತ್ತು. ಕಾವ್ಯದ ಹೆಸರೇ ವಿಜಯ. ನಮ್ಮ ಕಂದಕದ ಆಟವೆಂಬುದು ಅದರದೇ ಒಂದು ಹರಕು ಪ್ರತಿಯಾಗಿತ್ತು.

ಹೈಸ್ಕೂಲಿಗೆಂದು ನಾನು ಹುಣಸೂರಿಗೆ ಬಂದೆ. ಅಲ್ಲಿ ನಮಗೆ ಇತಿಹಾಸ ಹೇಳುತ್ತಿದ್ದ ಮೇಷ್ಟ್ರು ಕೃಶವಾದ ಮೈಕಟ್ಟಿನ, ಮೆಲುಮಾತಿನ, ಬೇಸಗೆಯಲ್ಲಿಯೂ ಕೋಟು ಬಿಚ್ಚದ ಮನುಷ್ಯರು. ಪಾಣಿಪತ್ತಿನ ಮೂರು ಕದನಗಳ ಇಸವಿಗಳನ್ನು ನಾವು ಒಂದೇ ಉಸಿರಿಗೆ ಒಪ್ಪಿಸುತ್ತಿದ್ದುದನ್ನು ಕೇಳಿ ಅವರು ಒಂದು ದಿನ, “ಪಾಣಿಪತ್ತು ಎಲ್ಲಿದೆಯೋ ನಾನೂ ನೋಡಿಲ್ಲ, ನೀವೂ ನೋಡಿಲ್ಲ. ಈ ನಾಲ್ಕು ತಾಲ್ಲೂಕುಗಳಲ್ಲಿ ನಡೆದ ಕಾಳಗಗಳನ್ನು ಹುಡುಕಿ ಬರೆಯಿರಯ್ಯಾ ನೋಡೋಣ” ಎಂದರು. ನಾಲ್ಕು ತಾಲ್ಲೂಕುಗಳೆಂದರೆ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ. ಅದರ ಜೊತೆಗೆ ಒಂದು ನಿಬಂಧನೆಯನ್ನೂ ಹಾಕಿದರು: ಯಾರು ಗೆದ್ದರು ಎಂಬ ಮಾತೊಂದನ್ನು ಬಿಟ್ಟು ಉಳಿದುದೆಲ್ಲವನ್ನೂ ಬರೆಯಬೇಕು. ನಾವು ಕಕ್ಕಾಬಿಕ್ಕಿಯಾದೆವು. ಗೆಲುವನ್ನು ತೆಗೆದುಹಾಕಿದರೆ ಯುದ್ಧದಲ್ಲಿ ಬರೆಯಲು ಉಳಿಯುವುದಾದರೂ ಏನು?

ಈ ಕೆಲಸಕ್ಕೆ ಜೊತೆಯಾದವರು ನಾವು ಮೂವರು. ನಾನು, ಕೊಡಗಿನಿಂದ ಬಂದು ನೆಂಟರ ಮನೆಯಲ್ಲಿದ್ದು ಓದುತ್ತಿದ್ದ ಒಬ್ಬ ಕೊಡವರ ಹುಡುಗ, ಹುಣಸೂರಿನಲ್ಲಿಯೇ ತಲೆತಲಾಂತರದಿಂದ ಚರ್ಮದ ಕೆಲಸ ಮಾಡಿಕೊಂಡು ಬಂದ ಮುಸಲ್ಮಾನರ ಮನೆಯ ಹುಡುಗ. ಮೇಷ್ಟ್ರು ಮೈಸೂರಿನಿಂದ ಎರವಲು ತಂದ ಪುಸ್ತಕಗಳು ಅವರ ಮನೆಯ ಜಗಲಿಯ ಮೇಲೆ ನಮಗಾಗಿ ಕಾದಿರುತ್ತಿದ್ದುವು: ರೈಸರ ಎಪಿಗ್ರಾಫಿಯಾ ಕರ್ನಾಟಿಕದ ನಾಲ್ಕನೆಯ ಸಂಪುಟ, ಅವರದೇ ಗೆಜೆಟಿಯರು, ಮೈಸೂರಿನಲ್ಲಿ ರೆಸಿಡೆಂಟನಾಗಿದ್ದು 1810ರಿಂದ 1817ರವರೆಗೆ ಮೂರು ಸಂಪುಟಗಳಲ್ಲಿ ದಕ್ಷಿಣದೇಶದ ಚರಿತ್ರೆಯನ್ನು ಪ್ರಕಟಿಸಿದ ಮಾರ್ಕ್ ವಿಲ್ಕ್ಸನ ಗ್ರಂಥ. ಕೊಡಗಿನ ಗೆಳೆಯ ತನ್ನ ದೊಡ್ಡಪ್ಪನ ಮನೆಯಿಂದ ‘ರಾಜೇಂದ್ರನಾಮೆ’ಯನ್ನು ತಂದ, ದೊಡ್ಡವೀರರಾಜೇಂದ್ರನು ತನ್ನ ವಂಶದ ಕಥೆಯನ್ನು ತಾನೇ ಮುಂದೆ ನಿಂತು ಕನ್ನಡದಲ್ಲಿ ಬರೆಯಿಸಿದ ಪುಸ್ತಕವದು. ಇಂಗ್ಲಿಷಿನ ದೀರ್ಘವಾಕ್ಯಗಳಲ್ಲಿ ಮುಳುಗಿ ಏಳಲಾರದೆ ನಾವು ಒದ್ದಾಡುವಾಗ ಮೇಷ್ಟ್ರು ಕಡ್ಡಿಯೊಂದರಿಂದ ಕರ್ತೃವನ್ನೂ ಕ್ರಿಯಾಪದವನ್ನೂ ತೋರಿಸಿ ಒಳಕ್ಕೆ ಹೋಗುತ್ತಿದ್ದರು.

ಅತ್ಯಂತ ಹಳೆಯದು ಪಣಸೋಗೆಯ ಕಾಳಗ. ಸಾಲಿಗ್ರಾಮದ ಬಳಿಯ ಈಗಿನ ಹನಸೋಗೆಯೇ ಆ ಪಣಸೋಗೆ. ಒಂದು ಕಾಲಕ್ಕೆ ಬಸದಿಗಳ ಊರು. ಹನ್ನೊಂದನೆಯ ಶತಮಾನದ ಆರಂಭದಲ್ಲಿ ರಾಜರಾಜ ಚೋಳನ ದಂಡನಾಯಕನಾದ ಪಂಚವ ಮಹಾರಾಯನು ಅಲ್ಲಿ ಚಂಗಾಳ್ವರನ್ನು ಎದುರಿಸಿದಾಗ ಮನಿಜನೆಂಬ ವೀರನೊಬ್ಬನು ಚೋಳರ ಪರವಾಗಿ ಕಾದಿದುದನ್ನು ಮೆಚ್ಚಿ, ಅವನಿಗೆ ಪಟ್ಟಕಟ್ಟಿ, ‘ಕ್ಷತ್ರಿಯಶಿಖಾಮಣಿ ಕೊಂಗಾಳ್ವ’ ಎಂಬ ಬಿರುದನ್ನೂ ಕೊಡಗಿನಲ್ಲಿ ಮಾಲವ್ವಿ ಎಂಬ ಸ್ಥಳವನ್ನೂ ಕೊಟ್ಟರು. ಕೊಂಗಾಳ್ವರೆಂಬ ಅರಸುಮನೆತನದ ಹುಟ್ಟು ಇದು. ಒಂದು ಮಧ್ಯಾಹ್ನದ ಕಾಳಗದಿಂದ ಒಬ್ಬ ಭಟ ರಾಜನಾದ, ನೂರಾರು ವರ್ಷ ಅವನ ಸಂತಾನ ಆಳಿತು ಎಂಬುದು ನನಗೆ ಆಗ ರೋಮಾಂಚವೆನಿಸಿತು. ನಮ್ಮ ಬರವಣಿಗೆಯನ್ನು ನೋಡಿದ ಮೇಷ್ಟ್ರು ಅಂಚಿನಲ್ಲಿ ಪೆನ್ಸಿಲಿನಿಂದ, “ಉಳಿದವರು?” ಎಂದಷ್ಟೇ ಬರೆದರು.

ಕಟ್ಟೆಮಳಲವಾಡಿಯದು ಬೇರೆಯೇ ಬಗೆಯ ಕಥೆ. 1761ರಲ್ಲಿ ಹೈದರನ ಮೇಲೆ ತಿರುಗಿಬಿದ್ದ ಖಂಡೇರಾಯನ ಸೈನ್ಯ ಅಲ್ಲಿಗೆ ಬಂದು ನಿಂತಾಗ, ಸಂಖ್ಯೆಯಲ್ಲಿ ಬಹಳ ದುರ್ಬಲನಾಗಿದ್ದ ಹೈದರನು ಮೈಸೂರಿನ ಹಿಂದಿನ ಸರ್ವಾಧಿಕಾರಿ ನಂಜರಾಜಯ್ಯನ ಹೆಸರಿನಲ್ಲಿ ಖಂಡೇರಾಯನ ಸರದಾರರಿಗೇ ಕಾಗದಗಳನ್ನು ಬರೆಯಿಸಿ, ಅವು ಖಂಡೇರಾಯನ ಕೈಗೇ ಸಿಕ್ಕುವಂತೆ ಮಾಡಿದನೆಂದೂ, ತನ್ನವರೆಲ್ಲರೂ ಶತ್ರುವಿಗೆ ಮಾರಿಹೋಗಿದ್ದಾರೆಂದು ನಂಬಿದ ಆತನು ದಂಡನ್ನು ಬಿಟ್ಟು ಶ್ರೀರಂಗಪಟ್ಟಣಕ್ಕೆ ಕುದುರೆಯೋಡಿಸಿದನೆಂದೂ ವಿಲ್ಕ್ಸನು ಬರೆಯುತ್ತಾನೆ. ಈ ಪ್ರಸಂಗವನ್ನು ಓದಿ ನಾವು ಮೂವರೂ ಹೊಟ್ಟೆತುಂಬ ನಕ್ಕೆವು. ಶೌರ್ಯವೆಂಬುದು ಯುದ್ಧದ ಒಂದು ಅಂಗ ಮಾತ್ರ, ಕೆಲವು ವೇಳೆ ಅಷ್ಟೇನೂ ಮುಖ್ಯವಲ್ಲದ ಅಂಗ, ಎಂಬ ಶಂಕೆ ನನ್ನಲ್ಲಿ ತಲೆಯೆತ್ತಿದುದು ಆ ನಗುವಿನ ನಡುವೆಯೇ ಇರಬೇಕು.

ನಮ್ಮನ್ನು ಬಹುಕಾಲ ಹಿಡಿದು ನಿಲ್ಲಿಸಿದುದು ಪಿರಿಯಾಪಟ್ಟಣದ ಎರಡನೆಯ ಜನ್ಮ. ಎಂದರೆ ಟಿಪ್ಪುವಿನ ಕಾಲದ ಹದಿನೈದು ವರ್ಷ. ಹೈದರನು ಕೊಡಗನ್ನು ವಶಪಡಿಸಿಕೊಂಡ ಮೇಲೆ ಅಲ್ಲಿಯ ಬಾಲಕ ರಾಜಕುಮಾರರನ್ನು 1782ರಲ್ಲಿ ಗೊರೂರಿನ ಕೋಟೆಗೆ ಕಳುಹಿಸಿದ್ದನು. ತದನಂತರ ಅವರನ್ನು ತಂದು ಸೆರೆಯಿಟ್ಟುದು ನಮ್ಮ ಪಿರಿಯಾಪಟ್ಟಣದಲ್ಲಿ. ಅವರಲ್ಲಿ ಹಿರಿಯನಾದ, ಮುಂದೆ ರಾಜೇಂದ್ರನಾಮೆಯನ್ನು ಬರೆಯಿಸಿದ ವೀರರಾಜೇಂದ್ರನು 1788ರ ಡಿಸೆಂಬರಿನಲ್ಲಿ ಹೆಂಡತಿ ತಮ್ಮಂದಿರೊಡನೆ ಇಲ್ಲಿಂದ ತಪ್ಪಿಸಿಕೊಂಡು ಕೊಡಗಿನ ಕಾಡು ಸೇರಿದನು. ನಾನು ಸತ್ತವನಂತೆ ಮಲಗಿ ಹತ್ತು ಎಣಿಸುತ್ತಿದ್ದ ಕಂದಕವನ್ನು ಒಬ್ಬ ನಿಜವಾದ ರಾಜಕುಮಾರ ಕತ್ತಲೆಯಲ್ಲಿ ದಾಟಿದ್ದಿರಬಹುದು! ಕೊಡಗಿನ ಗೆಳೆಯನು ಇದನ್ನು ಓದಿ ಎದೆಯುಬ್ಬಿಸಿದನು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ತನ್ನ ಮನೆತನದ ಕೆಲವರು ಟಿಪ್ಪುವಿನ ಸೆರೆಗೆ ಸಿಕ್ಕಿ ಶ್ರೀರಂಗಪಟ್ಟಣಕ್ಕೆ ಹೋದವರು ಹಿಂದಿರುಗಲೇ ಇಲ್ಲವೆಂದು ತನ್ನ ತಾಯಿ ಹೇಳುವುದುಂಟೆಂದನು. ಹಾಗೆ ಸೆರೆಹೋದ ಕೊಡವರ ಸಂಖ್ಯೆಯ ವಿಷಯದಲ್ಲಿ ಇಂದಿಗೂ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಮುಸಲ್ಮಾನ ಗೆಳೆಯನ ಮನೆಯಲ್ಲಾದರೋ ಟಿಪ್ಪುವಿನ ಹೆಸರನ್ನು ತಲೆಯ ಮೇಲೆ ಬಟ್ಟೆ ಎಳೆದುಕೊಂಡೇ ಹೇಳುತ್ತಿದ್ದರು. ಅಂದು ಸಂಜೆ ಅವರಿಬ್ಬರೂ ಬೇರೆಬೇರೆ ದಾರಿಯಿಂದ ಮನೆಗೆ ಹೋದರು.

ಮರುದಿನ ಮೇಷ್ಟ್ರು ಯಾವ ಬೋಧನೆಯನ್ನೂ ಮಾಡಲಿಲ್ಲ. 1791ರ ಪುಟಗಳನ್ನು ತೆಗೆದು, “ಇದರಲ್ಲಿ ಎತ್ತು ಎಂಬ ಮಾತು ಎಷ್ಟು ಸಲ ಬರುತ್ತದೆ ಎಣಿಸಿ” ಎಂದರು. ಹುಡುಗಾಟದಂತೆ ಕಂಡ ಆ ಕೆಲಸ ಯುದ್ಧದ ಒಳಗನ್ನು ನಮಗೆ ಬಿಚ್ಚಿಟ್ಟಿತು. ಆ ವರ್ಷ ಇಂಗ್ಲಿಷರ ಸೇನಾಪತಿ ಕಾರ್ನ್‌ವಾಲಿಸನು ಪೂರ್ವದಿಂದಲೂ, ಮುಂಬಯಿ ಸೈನ್ಯದ ಅಬರ್‌ಕ್ರಾಂಬಿಯು ಮಲೆಯಾಳದಿಂದ ಕೊಡಗಿನ ಮೂಲಕ ಹತ್ತಿ ಪಶ್ಚಿಮದಿಂದಲೂ ಶ್ರೀರಂಗಪಟ್ಟಣದ ಕಡೆಗೆ ಸಾಗಿದರು. ಅಬರ್‌ಕ್ರಾಂಬಿ ಬಂದು ನಿಂತುದು ಪಿರಿಯಾಪಟ್ಟಣದಲ್ಲಿ. ಮೇ 15ರಂದು ಅರಕೆರೆಯ ಬಳಿ ಕಾರ್ನ್‌ವಾಲಿಸನಿಗೂ ಟಿಪ್ಪುವಿಗೂ ಕಾಳಗವಾಯಿತು. ಕಾರ್ನ್‌ವಾಲಿಸನದೇ ಮೇಲುಗೈಯಾದರೂ ಅವನಿಗೆ ಮುಂದೆ ಹೆಜ್ಜೆಯಿಡಲಾಗಲಿಲ್ಲ; ಏಕೆಂದರೆ ಮಳೆ ಹಿಡಿದಿತ್ತು, ಸುತ್ತಲ ಸೀಮೆಯಲ್ಲಿ ಹುಲ್ಲಾಗಲಿ ಕಾಳಾಗಲಿ ಸಿಕ್ಕದಂತೆ ಟಿಪ್ಪು ಮೊದಲೇ ಬರಿದುಮಾಡಿದ್ದನು, ದನಗಳಿಗೆ ರೋಗ ಬಿದ್ದು ಅವು ಸಾವಿರಗಟ್ಟಲೆ ಸತ್ತಿದ್ದುವು, ತೋಪುಗಳನ್ನು ಸಿಪಾಯಿಗಳೇ ಕೆಸರಿನಲ್ಲಿ ಎಳೆಯಬೇಕಾಗಿತ್ತು. ಕೊನೆಗೆ ಮೇ 22ರಂದು ಕನ್ನಂಬಾಡಿಯ ಬಳಿ ಆತನು ಕೋಟೆಯೊಡೆಯುವ ತನ್ನ ದೊಡ್ಡ ತೋಪುಗಳನ್ನೆಲ್ಲ ತಾನೇ ಒಡೆಸಿಹಾಕಿ ಹಿಂದಿರುಗಿದನು. ಪಿರಿಯಾಪಟ್ಟಣದಿಂದ ಅಬರ್‌ಕ್ರಾಂಬಿಯೂ ತೋಪುಗಳನ್ನು ಬಿಟ್ಟು ಕೊಡಗಿನ ಘಟ್ಟವಿಳಿದನು. ಇದಾದ ಕೆಲವೇ ದಿನಗಳಲ್ಲಿ, ಮೇಲುಕೋಟೆಯ ದಾರಿಯಲ್ಲಿ, ಮರಾಠರ ದಂಡು ಎದುರಾಯಿತು. ಅವರ ಬಜಾರಿನಲ್ಲಿ ಕಾಳಿತ್ತು, ಬೆಲ್ಲವಿತ್ತು, ಕಾಸಿದ್ದವನಿಗೆ ಬೇಕಾದುದೆಲ್ಲವೂ ಇತ್ತು. ಅವರು ಬರುತ್ತಿದ್ದಾರೆಂಬ ಸುದ್ದಿಯನ್ನು ತರಬೇಕಾಗಿದ್ದ ಹರಿಕಾರರನ್ನು ಟಿಪ್ಪುವಿನ ಸವಾರರು ದಾರಿಯಲ್ಲಿಯೇ ಹಿಡಿದುಹಾಕಿದ್ದರು.

ತೋಪು ಒಡೆದ ಆ ಕನ್ನಂಬಾಡಿಯ ಹಳೆಯ ಊರು ಈಗ ಕೃಷ್ಣರಾಜಸಾಗರದ ತಳದಲ್ಲಿದೆ. ಅದೇ ಜಲಾಶಯದ ಹಿನ್ನೀರು ಎಡತೊರೆಯ ಸೀಮೆಯವರೆಗೂ ಹರಡುತ್ತದೆ. ಎಡತೊರೆಯೂ 1924ರ ಕಾವೇರಿಯ ಮಹಾಪ್ರವಾಹದಲ್ಲಿ ನೊಂದು, ದಡದಿಂದ ದೂರ ಎತ್ತರದ ನೆಲದಲ್ಲಿ ಕೃಷ್ಣರಾಜನಗರವೆಂಬ ಹೊಸ ಊರಾಗಿ ಬೆಳೆಯಿತು. ಅರ್ಕೇಶ್ವರ ಮಾತ್ರ ಹಳೆಯ ದಡದಲ್ಲಿಯೇ ಉಳಿದನು. ತೋಪು, ಊರು, ಹೊಳೆ ಇವು ಮೂರೂ ಒಂದರ ಮೇಲೊಂದು ಪದರಪದರವಾಗಿ ಕುಳಿತಿರುವ ಈ ನೆಲವನ್ನು ನಕಾಶೆಯಲ್ಲಿ ಬರೆಯಲು ಹೊರಟು ನಾವು ಸೋತೆವು.

ಎತ್ತಿನ ಲೆಕ್ಕ ಮುಗಿಸಿದ ದಿನ ಚರ್ಮದ ಕೆಲಸದ ಮನೆಯ ಗೆಳೆಯನು ನಮ್ಮಿಬ್ಬರನ್ನೂ ಊಟಕ್ಕೆ ಕರೆದನು. ಅವರ ನಡುಮನೆಯ ಗೂಡಿನಲ್ಲಿ ಹಿಡಿ ನುಣುಪಾದ ಹಳೆಯ ಹೊಲಿಗೆಯ ಉಳಿಯೊಂದಿತ್ತು; ಅದು ‘ಕಂಪೆನಿಯ ಕಾರ್ಖಾನೆ’ಯ ಕಾಲದ್ದೆಂದು ಅವನ ತಂದೆ ಹೇಳಿದರು. ಹುಣಸೂರು ಎಂಬ ಊರು ಊರಾದುದೇ ಆ ಕಾರ್ಖಾನೆಯಿಂದ. ಇದರ ಹಿನ್ನೆಲೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಚಿಕ್ಕದೇವರಾಜ ಒಡೆಯರು ಅರಮನೆಯ ಹಾಲುಬೆಣ್ಣೆಗಾಗಿ ‘ಬೆಣ್ಣೆ ಚಾವಡಿ’ ಎಂಬ ಇಲಾಖೆಯನ್ನು ಏರ್ಪಡಿಸಿ, ಅದರ ದನಗಳಿಗೆ ರಾಜ್ಯದ ನಾನಾ ಕಡೆಗಳಲ್ಲಿ ಕಾವಲುಗಳನ್ನು ಬಿಟ್ಟಿದ್ದರು. ಆ ದನಗಳು ತೋಪನ್ನೂ ಎಳೆಯಬಲ್ಲುವೆಂಬುದನ್ನು ಕಂಡುಕೊಂಡವನು ಹೈದರ್. ಚಿದಂಬರದ ಸಹಾಯಕ್ಕೆಂದು ಎರಡೂವರೆ ದಿನದಲ್ಲಿ ನೂರು ಮೈಲಿ ಅವನು ನಡೆದುದು ಈ ಎತ್ತುಗಳ ಬಲದಿಂದಲೇ ಎಂದು ಪ್ರತೀತಿ. ಟಿಪ್ಪು ಇಲಾಖೆಗೆ ‘ಅಮೃತಮಹಲ್’ ಎಂದು ಹೆಸರಿಟ್ಟು, ಕರುವಿಗೆ ಮೂಗುದಾರ ಹಾಕುವುದರಿಂದ ಹಿಡಿದು ಕಾವಲು ಬದಲಿಸುವವರೆಗೆ ನಿಯಮಗಳನ್ನು ಬರೆಯಿಸಿದನು. ಶ್ರೀರಂಗಪಟ್ಟಣ ಬಿದ್ದ ಮೇಲೆ ದನಗಳು ಇಂಗ್ಲಿಷರ ಪಾಲಾದುವು; ಅವುಗಳ ನಡಿಗೆಯನ್ನು ಹೊಗಳಿದವರಲ್ಲಿ ಮುಂದೆ ವೆಲಿಂಗ್ಟನ್ ಪ್ರಭುವಾದ ಆರ್ಥರ್ ವೆಲ್ಲೆಸ್ಲಿಯೂ ಒಬ್ಬನು. ಸರಿಯಾದ ಆರೈಕೆಯಿಲ್ಲದೆ ತಳಿ ಕೆಡುತ್ತಿದೆಯೆಂದು 1813ರಲ್ಲಿ ಹಾರ್ವೆ ಎಂಬ ಕ್ಯಾಪ್ಟನ್ನನನ್ನು ಅದಕ್ಕೆ ನೇಮಿಸಿದರು. ಹುಣಸೂರು ಅದರ ಮುಖ್ಯಸ್ಥಳವಾಯಿತು. ದನವಿದ್ದಲ್ಲಿ ಚರ್ಮ, ಚರ್ಮವಿದ್ದಲ್ಲಿ ಹದ. ದಂಡಿಗೆ ಬೇಕಾದ ಬೂಟು, ಚೀಲ, ಜೀನುಗಳನ್ನು ಇಲ್ಲಿ ಹೊಲಿದರು, ಕಂಬಳಿ ನೇಯ್ದರು, ಕಾಡಿನ ಮರ ತಂದು ಬಂಡಿ ಕಟ್ಟಿದರು. 1860ರ ದಶಕದಲ್ಲಿ ಇವೆಲ್ಲ ಮುಚ್ಚಿದ ಮೇಲೂ ಕೈಗಳು ಕಲಿತುದನ್ನು ಮರೆಯಲಿಲ್ಲ.

“ಹಾಗಾದರೆ ನಿಮ್ಮವರು ಬೂಟು ಹೊಲಿದದ್ದು ಟಿಪ್ಪುವನ್ನು ಕೊಂದವರಿಗಲ್ಲವೋ?” ಎಂದು ಕೊಡಗಿನ ಗೆಳೆಯ ಥಟ್ಟನೆ ಕೇಳಿಬಿಟ್ಟನು. ನಾನು ಗಾಬರಿಯಿಂದ ಎಲೆಯ ಮೇಲೆ ಕಣ್ಣಿಟ್ಟೆ. ಮನೆಯ ಹಿರಿಯರು ಮಾತ್ರ ಕೋಪಿಸಿಕೊಳ್ಳಲಿಲ್ಲ. “ಹೌದು ಮಗಾ, ಹೊಲಿದ್ರು. ಕೂಲಿ ಕೊಟ್ಟೋರು ಅವರೇ ತಾನೆ. ನಿಮ್ಮ ರಾಜರೂ ಅವರಿಗೇ ಅಕ್ಕಿ ಕೊಟ್ಟಿದ್ರಲ್ಲ” ಎಂದರು. ಮೂವರಲ್ಲಿ ಯಾರಿಗೂ ಆ ಮಾತಿಗೆ ಉತ್ತರವಿರಲಿಲ್ಲ. ಊಟ ಮುಂದುವರಿಯಿತು.

ಕಟ್ಟಕಡೆಯದು ಸಿದ್ಧೇಶ್ವರದ ಗುಡ್ಡ. ಇಂಗ್ಲಿಷರ ಬರಹಗಳಲ್ಲಿ ‘ಸೀಡಸೀರ್’ ಎಂದು ಕಾಣುವುದು. ಪಿರಿಯಾಪಟ್ಟಣಕ್ಕೆ ಪಶ್ಚಿಮದಲ್ಲಿ ಏಳು ಮೈಲಿಯಷ್ಟು ದೂರ, ಕೊಡಗಿನ ಗಡಿ. 1799ರ ಫೆಬ್ರವರಿ 21ರಂದು ಕಣ್ಣಾನೂರಿನಿಂದ ಹೊರಟ ಸ್ಟುವರ್ಟ್ ಸೇನಾಪತಿಯ ಮುಂಬಯಿ ಸೈನ್ಯ, ಆರು ಸಾವಿರಕ್ಕೆ ಮೇಲ್ಪಟ್ಟ ಜನ, ಹಲವು ಮೈಲಿಗಳುದ್ದಕ್ಕೂ ಬೀಡುಬಿಟ್ಟಿತ್ತು. ಮುಂಭಾಗದ ಈ ಗುಡ್ಡದ ಬಳಿ ಇದ್ದುದು ಮಾಂಟ್ರೆಸರನ ಕೈಕೆಳಗಿನ ಮೂರು ದೇಶೀ ಪಟಾಲಮುಗಳು ಮಾತ್ರ. ಮಾರ್ಚ್ 5ರಂದು ಗುಡ್ಡದ ಮೇಲಿಂದ ನೋಡುತ್ತಿದ್ದವರಿಗೆ ಪಿರಿಯಾಪಟ್ಟಣದ ಬಯಲಿನಲ್ಲಿ ಗುಡಾರಗಳು ಒಂದೊಂದಾಗಿ ಏಳುತ್ತಿರುವುದೂ, ಅವುಗಳ ನಡುವೆ ಹಸುರು ಬಣ್ಣದ ದೊಡ್ಡದೊಂದು ಗುಡಾರವಿರುವುದೂ ಕಂಡಿತು. ಟಿಪ್ಪು ಸುಲ್ತಾನನೇ ಬಂದಿದ್ದನು. ಹಾಗೆ ನೋಡುತ್ತಿದ್ದವರಲ್ಲಿ ವೀರರಾಜೇಂದ್ರನೂ ಇದ್ದನೆಂಬುದು ನಮ್ಮನ್ನು ದಿಗ್ಭ್ರಮೆಗೊಳಿಸಿತು: ಹತ್ತು ವರ್ಷಗಳ ಹಿಂದೆ ಯಾವ ಊರಿನ ಸೆರೆಯಿಂದ ಓಡಿದ್ದನೋ ಆ ಊರು ಈಗ ಅವನ ಕಾಲಡಿಯಲ್ಲಿ, ಸೆರೆಯಲ್ಲಿಟ್ಟಿದ್ದವನೂ ಅದೇ ಊರಿನಲ್ಲಿ. ಮಾರ್ಚ್ 6ರ ಬೆಳಗ್ಗೆ ಒಂಬತ್ತು ಹತ್ತು ಗಂಟೆಯ ನಡುವೆ ಮೈಸೂರಿನವರು ದಟ್ಟವಾದ ಕಾಡಿನ ಮರೆಯಲ್ಲಿ ಬಂದು ಮುಂದಿನಿಂದಲೂ ಹಿಂದಿನಿಂದಲೂ ಏಕಕಾಲಕ್ಕೆ ಬಿದ್ದರು. ಮಧ್ಯಾಹ್ನ ಎರಡು ಗಂಟೆ ಮೀರುವವರೆಗೂ ಸುತ್ತುವರಿದ ಸ್ಥಿತಿಯಲ್ಲಿಯೇ ಆ ಮೂರು ಪಟಾಲಮುಗಳು ಕಾದಿದುವು. ಮದ್ದುಗುಂಡು ಮುಗಿಯುತ್ತ ಬಂದ ಹೊತ್ತಿಗೆ ಹಿಂದಿನ ಬೀಡಿನಿಂದ ಸ್ಟುವರ್ಟನು ದಾರಿ ಬಿಡಿಸಿಕೊಂಡು ಬಂದು ಸೇರಿದನು. ಸುಲ್ತಾನನು ಪಿರಿಯಾಪಟ್ಟಣದಲ್ಲಿ ಇನ್ನೂ ಕೆಲವು ದಿನ ನಿಂತಿದ್ದು, ಪೂರ್ವದಿಂದ ಬರುತ್ತಿದ್ದ ಇಂಗ್ಲಿಷ್ ಸೇನಾಪತಿ ಹ್ಯಾರಿಸನನ್ನು ಎದುರಿಸಲು 11ರಂದು ಹೊರಟನು. ಎರಡು ತಿಂಗಳು ತುಂಬುವುದರೊಳಗೆ, ಮೇ 4ರಂದು, ಶ್ರೀರಂಗಪಟ್ಟಣದ ಕೋಟೆಯಲ್ಲಿ ಅವನ ಹೆಣ ಸಿಕ್ಕಿತು.

ನಾವು ಬಂಡಿಯಲ್ಲಿ ಸ್ವಲ್ಪ ದೂರ, ಕಾಲ್ನಡಿಗೆಯಲ್ಲಿ ಸ್ವಲ್ಪ ದೂರ ಹೋಗಿ ಆ ಗುಡ್ಡ ಹತ್ತಿದೆವು. ಮೂವರಿಗೂ ಅಲ್ಲಿ ಮೂರು ಬೇರೆಬೇರೆ ವಸ್ತುಗಳು ಕಾಣಬೇಕಾಗಿತ್ತಲ್ಲವೆ? ಒಬ್ಬನಿಗೆ ಅದು ತನ್ನ ನಾಡಿನ ಬಿಡುಗಡೆ, ಇನ್ನೊಬ್ಬನಿಗೆ ತನ್ನ ಸುಲ್ತಾನನ ಕೊನೆಯ ವಸಂತ, ನನಗೆ ನನ್ನೂರು. ಆದರೆ ಕಂಡದ್ದು ಎಲ್ಲರಿಗೂ ಒಂದೇ: ಕೆಳಗೆ ರಾಗಿಯ ಹೊಲ, ಹುರುಳಿಯ ಹೊಲ, ದೂರದಲ್ಲಿ ಬೆಟ್ಟದಪುರದ ಬೆಟ್ಟ, ಕೆರೆಯ ಹೊಳಪು. ಹೆಗ್ಗುರುತಿಗೆ ಒಂದು ಕಲ್ಲೂ ನಮ್ಮ ಕಣ್ಣಿಗೆ ಬೀಳಲಿಲ್ಲ. ಗೆಳೆಯರಲ್ಲೊಬ್ಬನು ಚೀಲದಿಂದ ನೋಟುಪುಸ್ತಕ ತೆಗೆದು, ವಿಲ್ಕ್ಸನಿಂದ ಇಳಿಸಿಕೊಂಡ ಲೆಕ್ಕವನ್ನು ಗಟ್ಟಿಯಾಗಿ ಓದಿದನು. ಸತ್ತವರು, ಗಾಯಗೊಂಡವರು, ಕಾಣೆಯಾದವರು ಎಲ್ಲ ಸೇರಿ ಇಂಗ್ಲಿಷರ ಕಡೆ 143. ಮೈಸೂರಿನ ಕಡೆ 1500ರಿಂದ 2000.

ಓದಿದವನೇ ನಿಲ್ಲಿಸಿ ಮತ್ತೊಮ್ಮೆ ಓದಿದನು. ಒಂದು ಕಡೆ ಬಿಡಿಸ್ಥಾನದವರೆಗೂ ಇಳಿದ ಅಂಕಿ. ಇನ್ನೊಂದು ಕಡೆ ಐನೂರರ ಅಂತರ. ಐನೂರು ಮಂದಿ ಸತ್ತಿದ್ದರೂ ಸರಿ, ಸಾಯದಿದ್ದರೂ ಸರಿ, ವಾಕ್ಯ ಕೆಡುವುದಿಲ್ಲ. “ಐನೂರು ಅಂದರೆ ನಮ್ಮ ಸ್ಕೂಲಿನಷ್ಟು ಜನ ಕಣೋ” ಎಂದನು ಮುಸಲ್ಮಾನ ಗೆಳೆಯ. ಆ 143ರಲ್ಲಿಯೂ ಬಹುಮಂದಿ ಈ ದೇಶದ ಸಿಪಾಯಿಗಳೇ ಎಂಬುದನ್ನು ಕೊಡಗಿನ ಗೆಳೆಯ ನೆನಪಿಸಿದನು. ಗುಡ್ಡ ಇಳಿಯುವಾಗ ಮೂವರೂ ಎಣಿಸುತ್ತಿದ್ದೆವು. ಏನನ್ನು ಎಂದು ಈಗ ನೆನಪಿಲ್ಲ, ಬಹುಶಃ ಮೆಟ್ಟಿದ ಕಲ್ಲುಗಳನ್ನು.

ಅದಾದ ಮೇಲೆ ಹೆಗ್ಗಡದೇವನಕೋಟೆಯ ಸೀಮೆಯಲ್ಲಿ ತಿರುಗಿದಾಗ ವೀರಗಲ್ಲುಗಳನ್ನು ನೋಡುವ ನನ್ನ ಕಣ್ಣೇ ಬೇರೆಯಾಗಿತ್ತು. ಮೊದಲು ಅವುಗಳಲ್ಲಿ ಬಿಲ್ಲು ಕತ್ತಿಗಳನ್ನು ಹುಡುಕುತ್ತಿದ್ದೆ. ಈಗ ಕಾರಣವನ್ನು ಹುಡುಕತೊಡಗಿದೆ. ಶಾಸನಗಳು ಅದನ್ನು ಮುಚ್ಚಿಡುವುದಿಲ್ಲ. ತುರುಗೋಳ್ ಎಂದರೆ ದನಗಳನ್ನು ಹೊಡೆದೊಯ್ದುದು, ಪೆಣ್ಬುಯ್ಯಲ್ ಎಂದರೆ ಹೆಂಗಸರ ಮೊರೆ, ಊರಳಿವು ಎಂದರೆ ಊರಿಗೆ ಊರೇ ನಾಶವಾದುದು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ಎತ್ತಿಕೊಂಡು ಹೋಗುವುದು, ಮೇಲೆ ಕೈಲಾಸ: ಮೂರು ಅಂತಸ್ತಿನ ಈ ಚಿತ್ರದಲ್ಲಿ ರಾಜನು ಅನೇಕವೇಳೆ ಇರುವುದೇ ಇಲ್ಲ, ಆದರೆ ಮೂಲೆಯಲ್ಲಿ ನಾಲ್ಕು ಹಸುಗಳಿರುತ್ತವೆ. ಸತ್ತವನೊಬ್ಬನಿಗೆ ಒಂದು ಕಲ್ಲು. ಐನೂರರ ಅಂದಾಜು ಇಲ್ಲಿ ನಡೆಯದು. ಸಾವಿರ ವರ್ಷದ ಹಿಂದಿನ ಹಳ್ಳಿಯ ಜನ ತಮ್ಮವರನ್ನು ಎಣಿಸಿದ ರೀತಿ ಅದು.

ಅದೇ ತಾಲ್ಲೂಕಿನ ಬೆಳತೂರಿನಲ್ಲಿ 1057ರ ಶಾಸನವೊಂದಿದೆ. ಪಣಸೋಗೆಯ ಕಾಳಗವಾಗಿ ಐವತ್ತು ವರ್ಷ ಕಳೆದು, ಸೀಮೆಯೆಲ್ಲ ಚೋಳರ ಕೈಕೆಳಗಿದ್ದ ಕಾಲ. ನವಲೆನಾಡಿನ ಏಚನು ತಲಕಾಡಿನಲ್ಲಿ ಮಲ್ಲಯುದ್ಧದಲ್ಲಿ ನೆಂಟನೊಬ್ಬನನ್ನು ಕೊಂದನೆಂದು ಅರಸನ ಆಜ್ಞೆಯಿಂದ ಅವನನ್ನು ಕೊಲ್ಲಿಸಿದರು. ಅವನ ಹೆಂಡತಿ ದೇಕಬ್ಬೆ, ತಂದೆತಾಯಿಗಳು ಬೇಡಬೇಡವೆಂದರೂ ಕೇಳದೆ ಅಗ್ನಿಪ್ರವೇಶ ಮಾಡಿದಳು. ಇದು ಯುದ್ಧದ ಶಾಸನವಲ್ಲ. ಆದರೂ ನಮ್ಮ ಪುಸ್ತಕದಲ್ಲಿ ಇದನ್ನು ಸೇರಿಸಬೇಕೆಂದು ನಾನು ಹಟಹಿಡಿದೆ. ಅಜ್ಜಿಯ ಬಾಯಿಯಲ್ಲಿ ಕೇಳಿದ ವೀರರಾಜನ ಹೆಂಡಿರ ಹೆಸರು ಯಾವ ಕಲ್ಲಿನ ಮೇಲೆಯೂ ನನಗೆ ಸಿಕ್ಕಿರಲಿಲ್ಲ, ಈಕೆಯ ಹೆಸರಾದರೂ ಸಿಕ್ಕಿತು ಎಂಬುದೊಂದೇ ನನ್ನ ವಾದ. ಮೇಷ್ಟ್ರು ಒಪ್ಪಿದರು. ಆ ಬೇಸಗೆಯಲ್ಲಿ ನಾನು ಊರಿಗೆ ಹೋದಾಗ ಕಂದಕದಲ್ಲಿ ಆಡಲು ಕರೆದ ಹುಡುಗರಿಗೆ, ನಾನು ಕೋಟೆಯೊಳಗಿನವನಾಗುತ್ತೇನೆಂದೆ. ಅವರಿಗೆ ಬಹಳ ಅನುಕೂಲವಾಯಿತು.

ಇದೆಲ್ಲ ನಡೆದು ಎಷ್ಟೋ ಕಾಲವಾಗಿದೆ. 1960ರ ಬಳಿಕ ಪಿರಿಯಾಪಟ್ಟಣದ ಪಶ್ಚಿಮಕ್ಕೆ ಬೈಲುಕುಪ್ಪೆಯ ಕಾಡಿನ ಅಂಚಿನಲ್ಲಿ, ಮುಂಬಯಿ ಸೈನ್ಯ ಬೀಡುಬಿಟ್ಟಿದ್ದ ಸೀಮೆಗೆ ಬಹು ದೂರವಲ್ಲದೆ, ಮೈಸೂರು ಸರ್ಕಾರ ಕೊಟ್ಟ ಮೂರು ಸಾವಿರ ಎಕರೆಯಷ್ಟು ನೆಲದಲ್ಲಿ ಟಿಬೆಟ್ಟಿನಿಂದ ಓಡಿಬಂದವರು ಗುಡಿಸಲು ಹಾಕಿದರು. ಕಾಡು ಕಡಿದು, ಆನೆಯ ಕಾಟ ತಡೆದು, ಮುಸುಕಿನ ಜೋಳ ಬೆಳೆದರು. ಅವರ ಮಕ್ಕಳು ಕಂದಕದ ಪಕ್ಕದ ಸಂತೆಗೆ ಬಂದು ಕನ್ನಡದಲ್ಲಿ ಚೌಕಾಸಿ ಮಾಡುವುದನ್ನು ಮೊದಲ ಬಾರಿಗೆ ಕೇಳಿದ ದಿನ ನನಗೆ ರಾಜೇಂದ್ರನಾಮೆಯ ಸೆರೆಯ ಹುಡುಗರ ನೆನಪಾಯಿತು.

ಕೊಡಗಿನ ಗೆಳೆಯ ಸೈನ್ಯಕ್ಕೆ ಸೇರಿದನು. ಅವರ ಮನೆಯಲ್ಲಿ ಅದೇನೂ ಹೊಸ ಸಂಗತಿಯಲ್ಲ. 1965ರ ಯುದ್ಧ ಮುಗಿದ ಮೇಲೆ ಪಂಜಾಬಿನ ಗಡಿಯಿಂದ ಅವನದೊಂದು ಕಾಗದ ಬಂದಿತು. ನೀಲಿ ಶಾಯಿಯ ಎರಡೂವರೆ ಪುಟ. ಅದರಲ್ಲಿ ಶೌರ್ಯದ ಮಾತಾಗಲಿ ಜಯದ ಮಾತಾಗಲಿ ಇರಲಿಲ್ಲ. ಮೇಷ್ಟ್ರ ನಿಬಂಧನೆಯನ್ನು ಅವನು ಇನ್ನೂ ಪಾಲಿಸುತ್ತಿದ್ದನೋ ಏನೋ. ಕುಡಿಯುವ ನೀರು ತಲುಪುತ್ತಿದ್ದ ಹೊತ್ತು, ಬೆಳೆದು ನಿಂತ ಕಬ್ಬಿನ ಗದ್ದೆಗಳ ನಡುವೆ ಲಾರಿಗಳು ಹೂತುಕೊಂಡದ್ದು, ಜನ ಬಿಟ್ಟುಹೋದ ಹಳ್ಳಿಯೊಂದರಲ್ಲಿ ಕರೆಯುವವರಿಲ್ಲದೆ ಕೆಚ್ಚಲು ಬಾತು ಒರಲುತ್ತಿದ್ದ ಎಮ್ಮೆಯನ್ನು ತನ್ನ ತುಕಡಿಯವನೊಬ್ಬ ಕರೆದು ಹಾಲನ್ನು ನೆಲಕ್ಕೆ ಚೆಲ್ಲಿದ್ದು, ಇಂಥವನ್ನೇ ಬರೆದಿದ್ದನು. ಕೊನೆಯಲ್ಲಿ, ಸಹಿಗೆ ಮೇಲೆ, ಒಂದು ಸಾಲು ಸೇರಿಸಿದ್ದನು: ನಮ್ಮ ತುಕಡಿಯ ಲೆಕ್ಕವನ್ನು ಹೆಸರು ಸಹಿತ ಬರೆದು ಕಳುಹಿಸಿದ್ದಾಯಿತು, ಆ ಕಡೆಯದನ್ನು ಕೇಳಿದರು, ಸುಮಾರು ಇಷ್ಟು ಎಂದು ನಾನೂ ಬರೆದೆ ಕಣೋ.

ಮೇಷ್ಟ್ರು ಆಗ ಇರಲಿಲ್ಲ. ಕಾಗದವನ್ನು ತೆಗೆದುಕೊಂಡು ನಾನು ಹುಣಸೂರಿಗೆ ಹೋಗಿ, ಚರ್ಮದ ಕೆಲಸದ ಮನೆಯ ಗೆಳೆಯನಿಗೆ ಓದಿಹೇಳಿದೆ. ಅವನು ಕೆಲಸ ನಿಲ್ಲಿಸಿ ಕೇಳಿದನು. ಆಮೇಲೆ ಆ ಕೊನೆಯ ಸಾಲನ್ನು ಇನ್ನೊಮ್ಮೆ ಓದೆಂದನು.